ಕಾರಂತರ ಹೆಂಗಸರು, ಬೆಳ್ಳಿತೆರೆಯ ಮೇಲೆ

ಪುತ್ತೂರಿನ ಪರ್ಲಡ್ಕದಲ್ಲಿರುವ ಬಾಲವನಕ್ಕೆ ಹೋದವರು ಅಲ್ಲಿನ ಮರಗಳ ನೆರಳಿನಲ್ಲಿ ನಿಂತು, ಇಲ್ಲಿ ಎಷ್ಟು ಕಾದಂಬರಿಗಳು ಹುಟ್ಟಿದುವು ಎಂದು ಲೆಕ್ಕಹಾಕುವುದುಂಟು. ನಾನೂ ಹಾಕಿದ್ದೇನೆ. ಆದರೆ ಈಚೆಗೆ ನನ್ನ ಮನಸ್ಸು ಬೇರೊಂದು ಲೆಕ್ಕದತ್ತ ಹೊರಳಿದೆ. ಆ ಕಾದಂಬರಿಗಳಿಂದ ಎದ್ದು ಚಲನಚಿತ್ರಗಳೊಳಕ್ಕೆ ನಡೆದುಹೋದ ಹೆಂಗಸರು ಎಷ್ಟು ಮಂದಿ, ಹೋಗುವಾಗ ಏನನ್ನು ಜೊತೆಗೊಯ್ದರು, ಏನನ್ನು ಹಾಳೆಯಲ್ಲೇ ಬಿಟ್ಟುಹೋದರು ಎಂಬುದು ಆ ಲೆಕ್ಕ. ಶಿವರಾಮ ಕಾರಂತರು ತಮ್ಮ ಬಾಳಿನ ಸುಮಾರು ನಾಲ್ಕು ದಶಕಗಳನ್ನು ಪುತ್ತೂರಿನಲ್ಲಿ ಕಳೆದವರು. 1933ರ ‘ಚೋಮನ ದುಡಿ’ಯಿಂದ ಮೊದಲ್ಗೊಂಡು 1943ರ ‘ಬೆಟ್ಟದ ಜೀವ’, 1951ರ ‘ಕುಡಿಯರ ಕೂಸು’, 1968ರ ‘ಮೂಕಜ್ಜಿಯ ಕನಸುಗಳು’ ಇವೆಲ್ಲ ಒಂದಲ್ಲ ಒಂದು ಕಾಲದಲ್ಲಿ ಚಿತ್ರಗಳಾದುವು. ಇವುಗಳನ್ನು ಓದಿದವರಿಗಿಂತ ನೋಡಿದವರ ಸಂಖ್ಯೆಯೇ ಇಂದು ಹೆಚ್ಚಾಗಿರಬೇಕು. ಹಾಗಾದರೆ ಬೆಳ್ಳಿ, ಶಂಕರಮ್ಮ, ಮೂಕಜ್ಜಿ ಎಂದಾಗ ನಮ್ಮ ಕಣ್ಣೆದುರು ಬಂದು ನಿಲ್ಲುವವರು ಯಾರು? ಕಾರಂತರು ಬರೆದವರೋ, ಕ್ಯಾಮರಾ ಕಂಡವರೋ?

ಈ ಪ್ರಶ್ನೆ ನನ್ನ ಪಾಲಿಗೆ ಬರಿಯ ಪಾಂಡಿತ್ಯದ್ದಲ್ಲ. ನಾನು ಮಾಡಿದ ಒಂದು ತಪ್ಪಿನಿಂದ ಅದು ಹುಟ್ಟಿತು. ಆ ತಪ್ಪನ್ನು ಹೇಳುವ ಮುನ್ನ ನಮ್ಮ ಊರಿನ ಕಡೆಯ ಒಂದು ಅಭ್ಯಾಸವನ್ನು ನೆನಪಿಸಬೇಕು.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಜನರಿಗೆ ಪಾತ್ರಗಳು ರೂಪ ಬದಲಿಸುವುದು ಹೊಸ ಸಂಗತಿಯಲ್ಲ. ಇವುಗಳಲ್ಲಿ ಕಡಬ ತಾಲೂಕು ಎಂಬುದು ಈಚಿನ ಹೆಸರು; ನಾವು ಹುಡುಗರಾಗಿದ್ದಾಗ ಅದೂ ಪುತ್ತೂರು ಸುಳ್ಯಗಳ ಒಳಗೇ ಇತ್ತು. ಇಲ್ಲಿ ತಾಳಮದ್ದಳೆ ಎಂಬೊಂದು ಕಲೆಯಿದೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ, ತೆರೆಯಿಲ್ಲ. ಬಿಳಿಯ ಪಂಚೆಯುಟ್ಟು ಹೆಗಲಿಗೊಂದು ಶಾಲು ಹೊದೆದ ಗಂಡಸೊಬ್ಬ ಕುಳಿತಲ್ಲಿಯೇ ಅಂಬೆಯಾಗುತ್ತಾನೆ. ‘ಭೀಷ್ಮ ವಿಜಯ’ದ ಪ್ರಸಂಗಕರ್ತ ಅಂಬೆಗೆ ಕೊಟ್ಟಿರುವುದು ಕೆಲವು ಪದ್ಯಗಳನ್ನು ಮಾತ್ರ. ಅರ್ಥಧಾರಿ ಅವುಗಳನ್ನು ಹಿಡಿದುಕೊಂಡು ಗಂಟೆಗಟ್ಟಲೆ ಭೀಷ್ಮನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಮೂಲದಲ್ಲಿ ಇಲ್ಲದ ವಾದಗಳು ಅವಳ ಬಾಯಿಂದ ಬರುತ್ತವೆ. ಪಾತ್ರವನ್ನು ಕೆಡಿಸಿದರು ಎಂದು ಯಾರೂ ದೂರುವುದಿಲ್ಲ. ಅಂಬೆ ಗೆದ್ದಳೆ ಸೋತಳೆ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಚರ್ಚಿಸುತ್ತಾರೆ. ಇದು ಕಿವಿಯ ಕಲೆ. ಹೆಣ್ಣು ಪಾತ್ರಕ್ಕೆ ಇಲ್ಲಿ ಮೈಯಿಲ್ಲ, ಮಾತು ಮಾತ್ರ ಧಾರಾಳ. ಸಿನಿಮಾ ಇದಕ್ಕೆ ನೇರ ವಿರುದ್ಧವಾದದ್ದು. ಅದು ಮೈಯನ್ನು ಕೊಟ್ಟು ಮಾತನ್ನು ಕಸಿದುಕೊಳ್ಳುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಪಾಡ್ದನಗಳಿವೆ. ಪುತ್ತೂರು ತಾಲೂಕಿನ ಪಡುಮಲೆ ಕೋಟಿ ಚೆನ್ನಯರ ತಾಯಿ ದೇಯಿ ಬೈದೆತಿಯ ಊರು. ಮದುವೆಗೆ ಮುನ್ನ ಮೈನೆರೆದಳೆಂಬ ಕಾರಣಕ್ಕೆ ಕಾಡುಪಾಲಾದ ಹೆಣ್ಣುಮಗಳು, ಸಾಯನ ಬೈದ್ಯನ ಆಶ್ರಯದಲ್ಲಿ ಬೆಳೆದು ಮದ್ದು ಬಲ್ಲವಳಾಗಿ, ನೋವಿನಲ್ಲಿ ನರಳುತ್ತಿದ್ದ ಬಲ್ಲಾಳನನ್ನು ಬದುಕಿಸುತ್ತಾಳೆ. ಅವಳಿ ಮಕ್ಕಳನ್ನು ಹೆತ್ತು ಬೇಗನೆ ತೀರಿಕೊಳ್ಳುತ್ತಾಳೆ. ನೇಜಿ ನೆಡುವ ಹೆಂಗಸರ ಬಾಯಲ್ಲಿ ಇಂಥ ಕಥೆಗಳು ತಲೆಮಾರುಗಳಿಂದ ಉಳಿದುಬಂದುವು. 1924ರಲ್ಲಿ ಪಂಜೆ ಮಂಗೇಶರಾಯರು ಕೋಟಿ ಚೆನ್ನಯರ ಕಥೆಯನ್ನು ಕನ್ನಡ ಗದ್ಯಕ್ಕೆ ತಂದರು. 1973ರಲ್ಲಿ ಅದು ತುಳು ಚಲನಚಿತ್ರವಾಯಿತು. ಹೆಂಗಸರ ಕೊರಳಿನಿಂದ ಗಂಡಸರ ಲೇಖನಿಗೆ, ಅಲ್ಲಿಂದ ರಂಗಕ್ಕೆ, ರಂಗದಿಂದ ತೆರೆಗೆ ಕಥೆ ದಾಟುತ್ತ ಹೋದಂತೆ ಕತ್ತಿ ಹಿಡಿದ ಮಕ್ಕಳು ದೊಡ್ಡವರಾದರು, ಮದ್ದು ಅರೆದ ತಾಯಿ ಹಿಂದಕ್ಕೆ ಸರಿದಳು. ದೇಯಿಯ ಹೆಸರನ್ನೇ ಹೊತ್ತ ತುಳು ಚಿತ್ರ ಬರಲು 2019ರವರೆಗೆ ಕಾಯಬೇಕಾಯಿತು.

ಇನ್ನು ಬೆಳ್ಳಿಯ ಮಾತು.

ಬಿ. ವಿ. ಕಾರಂತರು ‘ಚೋಮನ ದುಡಿ’ಯನ್ನು ಚಿತ್ರವಾಗಿಸಿದ್ದು 1975ರಲ್ಲಿ. ಅವರೂ ನಮ್ಮ ನೆರೆಯವರೇ. ಬಂಟ್ವಾಳ ತಾಲೂಕಿನ ಮಂಚಿಯವರು. ಚಿತ್ರಕ್ಕೆ ಸ್ವರ್ಣಕಮಲ ಬಂದಿತು, ಚೋಮನಾದ ಎಂ. ವಿ. ವಾಸುದೇವ ರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂದಿತು. ಎಸ್. ರಾಮಚಂದ್ರರ ಕಪ್ಪು ಬಿಳುಪಿನ ಛಾಯಾಗ್ರಹಣದಲ್ಲಿ ನಮ್ಮ ಗುಡ್ಡಗಳು, ನಮ್ಮ ಗದ್ದೆಗಳು ಮೊದಲ ಬಾರಿಗೆ ಕಣ್ಣಿಗೆ ಕಂಡುವು ಎನ್ನಬೇಕು. ದಿನವೂ ನೋಡುವುದನ್ನು ನಾವು ಎಲ್ಲಿ ಕಾಣುತ್ತೇವೆ? ನಾನಾಗ ಹೈಸ್ಕೂಲಿನ ಹುಡುಗ. ಪುತ್ತೂರಿನ ಟಾಕೀಸಿನ ಬೆಂಚಿನ ಮೇಲೆ ಕುಳಿತು ಬೆಳ್ಳಿಯನ್ನು ನೋಡಿದೆ. ಪದ್ಮಾ ಕುಮಟಾ ಅವರು ಮಾಡಿದ ಆ ಪಾತ್ರದ ಮುಖ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಹೆಚ್ಚು ಮಾತಿಲ್ಲದ, ನೋಡುತ್ತಲೇ ಇರುವ, ಎಲ್ಲವನ್ನೂ ನುಂಗಿಕೊಳ್ಳುವ ಮುಖ. ಕಾದಂಬರಿಯನ್ನು ನಾನು ಓದಿದ್ದು ಆಮೇಲೆ. ಓದುವಾಗಲೂ ಆ ಮುಖವನ್ನು ಮುಂದಿಟ್ಟುಕೊಂಡೇ ಓದಿದೆ. ಕೆಡುಕು ಅಲ್ಲಿಂದ ಮೊದಲಾಯಿತು.

ಬೆಳ್ಳಿಯ ಕಥೆ ನಿಮಗೆ ತಿಳಿದದ್ದೇ. ತಾಯಿಯಿಲ್ಲದ ಮನೆಯಲ್ಲಿ ತಮ್ಮಂದಿರಿಗೆ ತಾಯಿಯಾದವಳು. ಕಾಫಿ ತೋಟದ ಸಾಲ ಚೋಮನ ಕೊರಳಿಗೆ ಉರುಳಾಗಿದೆ. ಅದನ್ನು ತೀರಿಸಲು ಹೋದ ಅಣ್ಣಂದಿರಲ್ಲಿ ಒಬ್ಬ ಜ್ವರಕ್ಕೆ ತುತ್ತಾಗುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಅಲ್ಲೇ ಉಳಿಯುತ್ತಾನೆ. ಕೊನೆಗೆ ಬೆಳ್ಳಿಯೇ ಘಟ್ಟ ಹತ್ತುತ್ತಾಳೆ. ಅಲ್ಲಿ ಮನ್ವೇಲನಿದ್ದಾನೆ, ಅವನ ಮೇಲೆ ತೋಟದ ಧಣಿಯಿದ್ದಾನೆ. ಸಾಲ ತೀರುತ್ತದೆ, ಕೂಲಿಯಿಂದ ಮಾತ್ರ ತೀರುವುದಿಲ್ಲ. ಊರಿಗೆ ಮರಳಿದವಳನ್ನು ಹುಡುಕಿಕೊಂಡು ಮನ್ವೇಲ ಬರುತ್ತಾನೆ, ತಂದೆ ಅವರಿಬ್ಬರನ್ನು ಒಟ್ಟಿಗೆ ಕಾಣುತ್ತಾನೆ, ಮಗಳನ್ನು ಹೊಡೆದು ಹೊರಗಟ್ಟುತ್ತಾನೆ. ಆ ಬಳಿಕ ಉಳಿಯುವುದು ದುಡಿಯ ಸದ್ದು.

ಘಟನೆಗಳ ಮಟ್ಟಿಗೆ ಚಿತ್ರ ಕಾದಂಬರಿಗೆ ನಿಷ್ಠವಾಗಿಯೇ ಇದೆ. ವ್ಯತ್ಯಾಸವಿರುವುದು ಘಟನೆಯಲ್ಲಲ್ಲ. ಕಾದಂಬರಿಯ ನಿರೂಪಕ ಬೆಳ್ಳಿಯ ಮನಸ್ಸಿನೊಳಕ್ಕೆ ಇಳಿಯಬಲ್ಲ. ಅವಳಿಗೂ ಒಂದು ಪ್ರಾಯವಿದೆ, ಆ ಪ್ರಾಯದ ಬಯಕೆಯಿದೆ, ಮನ್ವೇಲನ ಮೇಲೆ ಒಲವು ಮೂಡಿದೆ ಎಂಬುದನ್ನು ಆತ ಮುಚ್ಚಿಡುವುದಿಲ್ಲ. ಅದಕ್ಕಾಗಿ ಅವಳನ್ನು ಕಟಕಟೆಗೆ ಏರಿಸುವುದೂ ಇಲ್ಲ. ಧಣಿಯ ದಬ್ಬಾಳಿಕೆ ಒಂದು, ಮನ್ವೇಲನ ಸಹವಾಸ ಇನ್ನೊಂದು. ಇವೆರಡೂ ಅವಳ ಬಾಳಿನಲ್ಲಿ ಹೆಣೆದುಕೊಂಡಿವೆ, ಆದರೆ ಎರಡೂ ಒಂದೇ ಅಲ್ಲ. 1933ರಲ್ಲಿ, ಅಸ್ಪೃಶ್ಯರ ಮನೆಯ ಹುಡುಗಿಯೊಬ್ಬಳಿಗೆ ಇಂಥದೊಂದು ಒಳಮನಸ್ಸನ್ನು ಕೊಟ್ಟದ್ದು ಸಣ್ಣ ಮಾತೆಂದು ನಾನು ತಿಳಿಯುವುದಿಲ್ಲ. ಆ ಕಾಲದ ಸುಧಾರಕರ ಬರವಣಿಗೆಯಲ್ಲಿ ಇಂಥ ಹೆಣ್ಣುಗಳು ಕನಿಕರಕ್ಕೆ ಪಾತ್ರರಾಗುತ್ತಿದ್ದರೇ ಹೊರತು ಆಸೆಗೆ ಹಕ್ಕುದಾರರಾಗುತ್ತಿದ್ದುದು ಅಪರೂಪ.

ಚಿತ್ರದಲ್ಲಿ ನಿರೂಪಕನಿಲ್ಲ, ಮುಖವಿದೆ. ಮುಖದಲ್ಲಿ ನಾವು ನಮಗೆ ಬೇಕಾದುದನ್ನು ಓದಿಕೊಳ್ಳುತ್ತೇವೆ. ನಾನು ಓದಿಕೊಂಡದ್ದು ಬಲಿಪಶುವನ್ನು. ಇದು ಬಿ. ವಿ. ಕಾರಂತರ ತಪ್ಪೆಂದಾಗಲಿ ನಟಿಯ ತಪ್ಪೆಂದಾಗಲಿ ನಾನು ಹೇಳಲಾರೆ. ಕಪ್ಪು ಬಿಳುಪಿನ ಆ ಮೌನಕ್ಕೆ ಒಂದು ಘನತೆಯಿದೆ. ಆದರೆ ಮೌನವನ್ನು ನೋಡುಗರು ಬಹು ಬೇಗನೆ ನಿರಪರಾಧಿತ್ವವೆಂದು ತಿಳಿದುಬಿಡುತ್ತೇವೆ. ಹೆಣ್ಣಿನ ಮೌನವನ್ನಂತೂ ಮತ್ತಷ್ಟು ಬೇಗ.

ಮಂಗಳಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮುಗಿಸಿ ಅಧ್ಯಾಪಕನಾದ ಮೇಲೆ ‘ಚೋಮನ ದುಡಿ’ಯನ್ನು ನಾನು ಎಷ್ಟೋ ವರ್ಷ ಪಾಠ ಹೇಳಿದೆ. ಪ್ರತಿ ವರ್ಷವೂ ಬೆಳ್ಳಿಯನ್ನು ಶೋಷಣೆಯ ಸಂಕೇತವೆಂದೇ ಬಣ್ಣಿಸಿದೆ. ಟಿಪ್ಪಣಿಯ ಹಾಳೆಗಳು ಹಳದಿಗಟ್ಟಿದರೂ ಮಾತು ಬದಲಾಗಲಿಲ್ಲ. ಒಂದು ವರ್ಷ, ಸುಳ್ಯದ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಬೆಳ್ಳಿಗೆ ಮನ್ವೇಲನ ಮೇಲೆ ಮನಸ್ಸಿತ್ತಲ್ಲ ಸರ್?” ಅವಳ ಅಜ್ಜಿ ಘಟ್ಟದ ಮೇಲಿನ ತೋಟಗಳಲ್ಲಿ ದುಡಿದವಳೆಂದು ನನಗೆ ಗೊತ್ತಾದದ್ದು ಆಮೇಲೆ. ತರಗತಿಯ ಹುಡುಗರು ನಕ್ಕರು. ನಾನು ನಗಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಮ್ಮ, ಅಂಕ ಸಿಕ್ಕಲಾರದು ಎಂದು ಹೇಳಿ ಕೂರಿಸಿದೆ. ಅವಳು ಆ ವರ್ಷ ಮತ್ತೆ ಪ್ರಶ್ನೆ ಕೇಳಲಿಲ್ಲ. ಬಹಳ ಕಾಲದ ಬಳಿಕ, ನಿವೃತ್ತಿಯ ಹೊಸ್ತಿಲಲ್ಲಿ, ಕಾದಂಬರಿಯನ್ನು ಮೊದಲಿನಿಂದ ಓದಿದೆ. ಈ ಬಾರಿ ಮುಖವನ್ನು ಬದಿಗಿಟ್ಟು ಓದಿದೆ. ಹುಡುಗಿ ಹೇಳಿದ್ದು ಹಾಳೆಯ ಮೇಲೆಯೇ ಇತ್ತು.

ಕಾರಂತರು ಸಿನಿಮಾಕ್ಕೆ ಅಪರಿಚಿತರಾಗಿದ್ದವರಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮೂಕಿ ಚಿತ್ರಗಳ ಕಾಲದಲ್ಲಿಯೇ ಅವರು ಕ್ಯಾಮರಾ ಹಿಡಿದು ಕೈಸುಟ್ಟುಕೊಂಡವರು. 1970ರ ದಶಕದ ಕೊನೆಯ ಹೊತ್ತಿಗೆ, ಎಪ್ಪತ್ತು ದಾಟಿದ ಮೇಲೆ, ‘ಕುಡಿಯರ ಕೂಸು’ ಕಾದಂಬರಿಯನ್ನು ತಾವೇ ‘ಮಲೆಯ ಮಕ್ಕಳು’ ಎಂಬ ಚಿತ್ರವಾಗಿ ನಿರ್ದೇಶಿಸಿದರು. ಹೆಸರಿನಲ್ಲಿ ಆದ ಮಾರ್ಪಾಟನ್ನು ಗಮನಿಸಿ. ಕೂಸು ಒಂದೇ ಇದ್ದದ್ದು ಮಕ್ಕಳಾಯಿತು. ಕುಡಿಯರು ಎಂಬ ಜನದ ಹೆಸರು ಹೋಗಿ ಮಲೆ ಎಂಬ ನೆಲದ ಹೆಸರು ಬಂತು. ಬರೆದವರೇ ಚಿತ್ರ ಮಾಡಿದರೂ ಪುಸ್ತಕ ಹಾಗೆಯೇ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

‘ಬೆಟ್ಟದ ಜೀವ’ದ ಶಂಕರಮ್ಮನ ಸಂಗತಿ ಬೇರೆ. ಅದು ನಮ್ಮ ಮನೆಯ ಸಂಗತಿಯೂ ಹೌದು. ಸುಬ್ರಹ್ಮಣ್ಯದ ಕಡೆಗೆ ಹೊರಟು ಕಾಡಿನಲ್ಲಿ ದಾರಿ ತಪ್ಪಿದ ಶಿವರಾಮು, ಇಬ್ಬರು ಹಳ್ಳಿಗರ ಕೈಹಿಡಿದು ಗೋಪಾಲಯ್ಯನವರ ಮನೆ ಸೇರುತ್ತಾನೆ. ಬಿಸಿನೀರ ಸ್ನಾನ, ಊಟ, ಮುದುಕರಿಬ್ಬರ ಸರಸದ ಮಾತು, ಹುಲಿಯ ಕಾಟ, ಕಾಡು ಕಡಿದು ಎಬ್ಬಿಸಿದ ಅಡಿಕೆ ತೋಟ ಎಲ್ಲವೂ ಬರುತ್ತವೆ. ಇವೆಲ್ಲದರ ಅಡಿಯಲ್ಲಿ, ಮನೆಬಿಟ್ಟು ಹೋದ ಮಗ ಶಂಭುವಿಗಾಗಿ ಒಂದು ಕಾಯುವಿಕೆ ಸದಾ ಹರಿಯುತ್ತಿರುತ್ತದೆ. ಗೋಪಾಲಯ್ಯನವರಿಗೆ ಮರೆಯಲು ಬೆಟ್ಟವಿದೆ. ಶಂಕರಮ್ಮನಿಗೆ ಇರುವುದು ಒಲೆ.

ನಮ್ಮ ತಾಯಿ ಪಂಜದ ಕಡೆಯವರು. ಅಕ್ಷರ ಬಲ್ಲರಾದರೂ ಪುಸ್ತಕ ಹಿಡಿಯುವಷ್ಟು ಬಿಡುವು ಅವರಿಗಿರಲಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ತಂದೆಯವರು ‘ಬೆಟ್ಟದ ಜೀವ’ವನ್ನು ಗಟ್ಟಿಯಾಗಿ ಓದುತ್ತಿದ್ದರು, ತಾಯಿ ಬಾಗಿಲಿಗೊರಗಿ ಕೇಳುತ್ತಿದ್ದರು. ನನ್ನ ದೊಡ್ಡಣ್ಣ 1968ರಲ್ಲಿ ಮುಂಬಯಿಗೆ ಹೋದವನು. ಮೊದಲು ತಿಂಗಳಿಗೊಂದು ಕಾಗದ, ಆಮೇಲೆ ವರ್ಷಕ್ಕೊಂದು, ಆಮೇಲೆ ಅದೂ ಇಲ್ಲ. ತಂದೆಯವರು ಓದುತ್ತ ಓದುತ್ತ ಶಂಭುವಿನ ಮಾತು ಬಂದ ಕಡೆ, ಹಾಲು ಉಕ್ಕಿತೇನೋ ನೋಡುತ್ತೇನೆ ಎಂದು ತಾಯಿ ಒಳಗೆ ಹೋಗಿಬಿಡುತ್ತಿದ್ದರು. ರಾತ್ರಿ ಒಂಬತ್ತು ಗಂಟೆಗೆ ನಮ್ಮ ಒಲೆಯ ಮೇಲೆ ಹಾಲು ಇರುತ್ತಿರಲಿಲ್ಲ. ತಂದೆಯವರು ಆ ಪುಟವನ್ನು ಮೆಲ್ಲಗೆ ದಾಟಿಸಿ ಮುಂದೆ ಓದುತ್ತಿದ್ದರು.

ಪಿ. ಶೇಷಾದ್ರಿಯವರ ‘ಬೆಟ್ಟದ ಜೀವ’ ತೆರೆಕಂಡದ್ದು 2011ರಲ್ಲಿ. ದತ್ತಾತ್ರೇಯರು ಗೋಪಾಲಯ್ಯ, ರಾಮೇಶ್ವರಿ ವರ್ಮ ಅವರು ಶಂಕರಮ್ಮ. ಚಿತ್ರಕ್ಕೆ 2010ರ ಸಾಲಿನಲ್ಲಿ, ಪರಿಸರ ಸಂರಕ್ಷಣೆಯ ವಿಷಯದ ಉತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು. ಕಾಡು ಕಡಿದು ತೋಟ ಮಾಡುವ ಛಲವೇ ಜೀವಾಳವಾದ ಕಾದಂಬರಿಗೆ ಪರಿಸರದ ಪ್ರಶಸ್ತಿ! ಕಾರಂತರು ಇದ್ದಿದ್ದರೆ ಹುಬ್ಬು ಹಾರಿಸುತ್ತಿದ್ದರೇನೋ. ಮುಂದಿನ ದಿನಗಳಲ್ಲಿ ಪಶ್ಚಿಮ ಘಟ್ಟಗಳ ಪರವಾಗಿ ದನಿಯೆತ್ತಿದವರೂ ಅವರೇ ಆದುದರಿಂದ ಸಂತೋಷಪಡುತ್ತಲೂ ಇದ್ದಿರಬಹುದು. ನನ್ನ ಮಾತು ಇಷ್ಟೇ: ಪ್ರಶಸ್ತಿಯ ಹೆಸರು ನೋಡುವ ದೃಷ್ಟಿಯನ್ನೂ ಹೇಳುತ್ತದೆ. ಬೆಟ್ಟ ತೆರೆಯನ್ನು ತುಂಬಿದಾಗ ಅಡುಗೆಮನೆ ಕಿರಿದಾಗುತ್ತದೆ. ಪುಸ್ತಕದಲ್ಲಿ ಇವೆರಡೂ ಒಂದೇ ಅಳತೆಯ ಅಕ್ಷರದಲ್ಲಿ ಅಚ್ಚಾಗಿವೆ.

ಆ ಚಿತ್ರ ಟಿ.ವಿ.ಯಲ್ಲಿ ಬಂದಾಗ ತಾಯಿಯವರಿಗೆ ಎಂಬತ್ತು ದಾಟಿತ್ತು. ಕೊನೆಯವರೆಗೂ ನೋಡಿದರು. “ಇವಳನ್ನು ನಾನು ಹೀಗೆ ಎಣಿಸಿರಲಿಲ್ಲ ಮಗಾ, ನಮ್ಮ ಅತ್ತೆಯವರ ಹಾಗೆ ಇದ್ದಾಳೆ ಎಂದೇ ಎಣಿಸಿದ್ದು” ಎಂದರು. ಕಾದಂಬರಿಯ ಶಂಕರಮ್ಮನಿಗೆ ಅವರು ಎಪ್ಪತ್ತು ವರ್ಷಗಳ ಹಿಂದಿನ ತಮ್ಮ ಅತ್ತೆಯ ಮುಖವನ್ನು ಕೊಟ್ಟುಕೊಂಡಿದ್ದರು! ಸ್ವಲ್ಪ ಹೊತ್ತು ಬಿಟ್ಟು, “ಆದರೂ ಇವಳೂ ಕಾಯುತ್ತಾಳೆ” ಎಂದರು. ಈ ಬಾರಿ ಎದ್ದು ಒಳಗೆ ಹೋಗಲಿಲ್ಲ. ಹಾಳೆಗೆ ಮಾಡಲಾಗದ ಒಂದು ಉಪಕಾರವನ್ನು ತೆರೆ ಅಂದು ಅವರಿಗೆ ಮಾಡಿತು ಎಂದು ನನಗೆ ತೋರುತ್ತದೆ. ನಟಿಯೊಬ್ಬಳು ಆ ನೋವನ್ನು ಎಲ್ಲರೆದುರಿಗೆ ಹೊತ್ತು ಕುಳಿತಿದ್ದಳಲ್ಲ, ಇವರಿಗೆ ಅಡಗಿಕೊಳ್ಳುವ ಅಗತ್ಯ ಬೀಳಲಿಲ್ಲ.

ಬದಲಾವಣೆಯೆಲ್ಲ ನಷ್ಟವೆಂದು ನಾನು ವಾದಿಸುತ್ತಿಲ್ಲ. ರವೀಂದ್ರರ ‘ನಷ್ಟನೀಡ’ ಸತ್ಯಜಿತ್ ರಾಯರ ಕೈಯಲ್ಲಿ 1964ರಲ್ಲಿ ‘ಚಾರುಲತಾ’ ಆದಾಗ ಕೊನೆಯೇ ಮಾರ್ಪಟ್ಟಿತು; ಆದರೂ ಚಾರು ಬಡವಾಗಲಿಲ್ಲ. ವೈದೇಹಿಯವರ ‘ಗುಲಾಬಿ ಟಾಕೀಸು’ ಕಥೆಯ ನಾಯಕಿಯನ್ನು ಗಿರೀಶ ಕಾಸರವಳ್ಳಿಯವರು 2008ರಲ್ಲಿ ಮುಸ್ಲಿಂ ಸೂಲಗಿತ್ತಿಯನ್ನಾಗಿಸಿದರು. ಅದು ತಿಳಿದು, ಎದ್ದು ಕಾಣುವಂತೆ ಮಾಡಿದ ಮಾರ್ಪಾಟು. ಕರಾವಳಿಯ ಬದಲಾದ ಹವೆಯ ಬಗ್ಗೆ ಅವರಿಗೆ ಹೇಳುವುದಿತ್ತು. ಇಂಥದರೊಡನೆ ಜಗಳವಾಡಬಹುದು, ಒಪ್ಪಬಹುದು. ಕಾಣದಂತೆ ಆಗುವ ಮಾರ್ಪಾಟುಗಳೇ ತೊಡಕಿನವು. ಎಲ್ಲವೂ ಮೂಲದ ಹಾಗೆಯೇ ಇದೆ ಎನಿಸುವಾಗ ಒಳಗಿನದೊಂದು ಸದ್ದಿಲ್ಲದೆ ಜಾರಿಹೋಗಿರುತ್ತದೆ.

ಮೂಕಜ್ಜಿಯ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಬಾಲ್ಯದಲ್ಲೇ ವಿಧವೆಯಾಗಿ, ಅಶ್ವತ್ಥದ ನೆರಳಿನಲ್ಲಿ ಕುಳಿತು, ಕೈಗೆ ಕೊಟ್ಟ ಎಲುಬಿನ ಚೂರಿನಿಂದ, ಲೋಹದ ತುಂಡಿನಿಂದ ಸಾವಿರಾರು ವರ್ಷಗಳ ಹಿಂದಿನದನ್ನು ಕಾಣಬಲ್ಲ ಮುದುಕಿ. ನಮ್ಮ ಕಾದಂಬರಿ ಲೋಕದಲ್ಲಿ ಅದ್ಭುತವೆಂಬುದು ಇಷ್ಟು ಸಹಜವಾಗಿ ಹಳ್ಳಿಯ ಜಗಲಿಯ ಮೇಲೆ ಕುಳಿತದ್ದು ಬೇರೆ ಕಡೆ ವಿರಳ. ಆದರೆ ಆ ಅದ್ಭುತವೆಲ್ಲ ಅಜ್ಜಿಯ ಮಾತಿನೊಳಗಿದೆ. ಮೊಮ್ಮಗ ಸುಬ್ಬರಾಯ ಕೇಳುತ್ತಾನೆ, ಸಂಶಯಿಸುತ್ತಾನೆ, ಮತ್ತೆ ಕೇಳುತ್ತಾನೆ. ನಂಬುವುದೂ ಬಿಡುವುದೂ ನಮಗೆ ಬಿಟ್ಟದ್ದು. ಕಾದಂಬರಿಗೆ ಬರೆದ ಮುನ್ನುಡಿಯಲ್ಲಿ ಕಾರಂತರು, ಇಲ್ಲಿ ನಾಯಕನಾಗಲಿ ನಾಯಕಿಯಾಗಲಿ ಇಲ್ಲ, ಮೂಕಜ್ಜಿಯೂ ನಾಯಕಿಯಲ್ಲ ಎಂಬರ್ಥದ ಮಾತನ್ನು ಹೇಳುತ್ತಾರೆ. ಅವಳಿರುವುದು ಸಂಪ್ರದಾಯಕ್ಕೆ ಅಂಟಿಕೊಂಡ ಮನಸ್ಸುಗಳನ್ನು ಕೆದಕಲು.

1977ರ ಜ್ಞಾನಪೀಠ ಈ ಕೃತಿಗೆ ಸಂದಿತು. ಚಿತ್ರವಾದದ್ದು 2019ರಲ್ಲಿ, ಕಾರಂತರು ತೀರಿಕೊಂಡು ಎರಡು ದಶಕಗಳು ಕಳೆದ ಮೇಲೆ. ಮತ್ತೆ ಶೇಷಾದ್ರಿಯವರ ಕೈಯಲ್ಲಿಯೇ. ಅಜ್ಜಿಯಾದವರು ಬಿ. ಜಯಶ್ರೀ, ಗುಬ್ಬಿ ವೀರಣ್ಣನವರ ಮೊಮ್ಮಗಳು. ರಂಗಭೂಮಿಯನ್ನು ಕಂಠದಿಂದಲೇ ಆಳಿದವರು. ನಾಯಕಿಯಲ್ಲ ಎಂದು ಕಾರಂತರು ಎಷ್ಟು ಹೇಳಿದರೇನು, ಅಂಥ ನಟಿ ತೆರೆಗೆ ಬಂದ ಗಳಿಗೆಯಲ್ಲೇ ಅಜ್ಜಿ ನಾಯಕಿಯಾಗಿಬಿಟ್ಟಳು. ನಾನು ನೋಡಿದ ದಿನ ಚಿತ್ರಮಂದಿರದಲ್ಲಿ ಜನ ಅವಳ ಮಾತಿಗೆ ಪ್ರೀತಿಯಿಂದ ನಕ್ಕರು. ಕಾದಂಬರಿ ಬಂದ ಕಾಲದಲ್ಲಿ ಪುತ್ತೂರಿನ ಕೆಲವು ಮನೆಗಳ ಹಿರಿಯರು, ದೇವರ ಬಗ್ಗೆ ಕಾಮದ ಬಗ್ಗೆ ಮುದುಕಿಯೊಬ್ಬಳು ಹೀಗೆಲ್ಲ ಆಡುವುದೆ ಎಂದು ಮುಖ ಸಿಂಡರಿಸುತ್ತಿದ್ದುದನ್ನು ನಾನು ಕೇಳಿಬಲ್ಲೆ. ಸಿಂಡರಿಸಿದ ಮುಖಗಳು ಹೋಗಿ ನಗುವ ಮುಖಗಳು ಬಂದುವು. ಅದು ಕಾಲದ ಗುಣವೋ ಚಿತ್ರದ ಗುಣವೋ ಬಿಡಿಸಿ ಹೇಳುವುದು ಕಷ್ಟ. ದೇವರುಗಳು ಹುಟ್ಟಿ ಮಾರ್ಪಟ್ಟು ಅಳಿದ ಕಥೆಯನ್ನು ಅಜ್ಜಿ ಪುಟಗಟ್ಟಲೆ ಹೇಳುತ್ತಾಳೆ. ಅಷ್ಟನ್ನೂ ಹೊರುವ ಬೆನ್ನು ಎರಡು ಗಂಟೆಯ ಚಿತ್ರಕ್ಕೆ ಇರುವುದಿಲ್ಲ. ಆ ಭಾರ ಇಳಿದಾಗ ಉಳಿಯುವವಳು ಮನಸ್ಸಿಗೆ ಹತ್ತಿರವಾದ ಅಜ್ಜಿ. ಕೆದಕುವ ಅಜ್ಜಿಯನ್ನು ನೋಡಬೇಕಾದರೆ ಮತ್ತೆ ಪುಸ್ತಕಕ್ಕೇ ಹೋಗಬೇಕು.

ಇದೇ ನೆವದಲ್ಲಿ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ನೆನೆಯಬಹುದು. ಅವಳೂ ಬಾಲವಿಧವೆ. ಹೆಂಗಸು ಬರೆದ ಆ ಕಾದಂಬರಿಯನ್ನು 1980ರ ದಶಕದ ಆರಂಭದಲ್ಲಿ ಪ್ರೇಮಾ ಕಾರಂತ ಎಂಬ ಹೆಂಗಸೇ ಚಿತ್ರವಾಗಿಸಿದರು. ಅಲ್ಲಿ ಮೌನವೂ ಕೆಲಸವೂ ಒಟ್ಟೊಟ್ಟಿಗೆ ಸಾಗುತ್ತವೆ. ಫಣಿಯಮ್ಮನನ್ನು ಬಲಿಪಶುವೆಂದು ಕರೆಯಲು ನನ್ನಂಥವನಿಗೂ ಧೈರ್ಯ ಬರುವುದಿಲ್ಲ. ಕ್ಯಾಮರಾದ ಹಿಂದೆ ಯಾರಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆಯೋ ಏನೋ.

ಕಳೆದ ಮಳೆಗಾಲದಲ್ಲಿ ಸುಳ್ಯದ ಬಸ್ ನಿಲ್ದಾಣದಲ್ಲಿ ಕೊಡೆ ಮಡಚುತ್ತ ನಿಂತಿದ್ದಾಗ ಹೆಂಗಸೊಬ್ಬರು ಹತ್ತಿರ ಬಂದು, “ನಮಸ್ಕಾರ ಸರ್, ಗುರುತು ಸಿಕ್ಕಿತಾ?” ಎಂದರು. ಗುರುತು ಸಿಕ್ಕಿತು. ಈಗ ಕಡಬದ ಹತ್ತಿರದ ಒಂದು ಶಾಲೆಯಲ್ಲಿ ಅಧ್ಯಾಪಿಕೆಯಂತೆ, ಕನ್ನಡವನ್ನೇ ಕಲಿಸುತ್ತಾರಂತೆ. ನಾನು ಬೆಳ್ಳಿಯ ಮಾತನ್ನು ತೆಗೆದೆ. ನೀವು ಅಂದು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂದೆ. ಅವರು ಸ್ವಲ್ಪ ಹೊತ್ತು ಮಳೆಯನ್ನು ನೋಡಿದರು. “ಪರೀಕ್ಷೆಯಲ್ಲಿ ನೀವು ಹೇಳಿದ ಹಾಗೆಯೇ ಬರೆದೆ ಸರ್” ಎಂದರು, “ಅಂಕ ಬಂತು.” ಅಷ್ಟರಲ್ಲಿ ಸುಬ್ರಹ್ಮಣ್ಯದ ಬಸ್ಸು ಬಂದು ನಿಂತಿತು.